ಈ ಸಲದ ಬಾಣಂತನ

ಚನ್ನಗಿರಿ,
ಗುರುವಾರ, ೪ ನವೆಂಬರ್ ೧೯೪೩

ಚಿ. ಸೌ. ಸಿದ್ದಲಿಂಗಿಗೆ ನಿನ್ನ ಅವ್ವನ ಆಶೀರ್ವಾದಗಳು.

ಇಲ್ಲಿ ನಾವೆಲ್ಲ ಕ್ಷೇಮ, ಅಲ್ಲಿ ನೀವೂ ಕ್ಷೇಮವಾಗಿದ್ದೀರೆಂದು ನಂಬಿದ್ದೇವೆ ಎಂದು ಮೊದಲು ಬರೆದಿದ್ದೆ. ಆಮೇಲೆ ಆ ಹಾಳೆಯನ್ನು ಹರಿದು ಒಲೆಗೆ ಹಾಕಿದೆ. ಕಾಗದವೇ ಸಿಗದ ಈ ಯುದ್ಧದ ಕಾಲದಲ್ಲಿ ಒಂದು ಹಾಳೆ ಕೆಡಿಸಿದ್ದನ್ನು ನಿಮ್ಮಪ್ಪ ನೋಡಿದ್ದರೆ ಬೈಯುತ್ತಿದ್ದರು. ಆದರೆ ನೀನು ಬರೆದಂಥ ಕಾಗದಕ್ಕೆ ಹಾಗೆ ಸುಳ್ಳಿನಿಂದ ಶುರು ಮಾಡಿ ಉತ್ತರ ಬರೆಯಲು ನನಗೆ ಆಗಲಿಲ್ಲ.

ತಡವಾಯಿತು, ನನಗೆ ಗೊತ್ತು. ಗೌರಿ ಹಬ್ಬಕ್ಕೆ ಮೊದಲು ಬಳೆಗಾರ್ತಿ ಹಜೀರಾ ಜಗಳೂರಿನ ತವರಿಗೆ ಹೋದವಳು ನಿಮ್ಮ ಸೊಕ್ಕೆಗೂ ಬಂದು, ನಿನ್ನ ಕಾಗದವನ್ನು ಬಳೆಯ ಮಲಾರದಡಿ ಮುಚ್ಚಿಟ್ಟುಕೊಂಡು ತಂದುಕೊಟ್ಟಳು. ಈಗ ದೀಪಾವಳಿಯೂ ಮುಗಿಯಿತು. ಅವ್ವ ಓದಿ ಸುಮ್ಮನಾದಳು ಎಂದು ನೀನು ಅಂದುಕೊಂಡಿರಬೇಕು. ಸುಮ್ಮನೆ ಕೂತಿರಲಿಲ್ಲ ಮಗಳೇ. ಏನೇನಾಯಿತೆಂದು ಒಂದೊಂದಾಗಿ ಹೇಳುತ್ತೇನೆ. ಓದಿದ ಮೇಲೆ ಈ ಕಾಗದವನ್ನು ಒಲೆಗೆ ಹಾಕಿಬಿಡು.

ಊರಿನ ಸಮಾಚಾರ ಕೇಳಬೇಕೆಂದು ನಿನಗೆ ಆಸೆಯಿರುತ್ತದೆ. ಈ ಸಲ ಸೂಳೆಕೆರೆ ತುಂಬಿ ಕೋಡಿ ಬಿದ್ದಿದೆ. ಸೀಮೆಎಣ್ಣೆ ಇಲ್ಲ, ಎಳ್ಳೆಣ್ಣೆಯೂ ತುಟ್ಟಿ. ಹಬ್ಬಕ್ಕೆ ಬಾಗಿಲ ಹತ್ತಿರ ಎರಡು ಹಣತೆ ಹಚ್ಚಿದೆವು, ಅಷ್ಟೇ. ಪೆಟ್ರೋಲ್ ಇಲ್ಲದೆ ಮೋಟಾರುಗಳು ಇದ್ದಿಲ ಹೊಗೆಯಲ್ಲಿ ಓಡುತ್ತಿವೆ. ಏರು ಬಂದರೆ ಜನ ಇಳಿದು ತಳ್ಳುತ್ತಾರೆ. ಇಡೀ ದಿನ ಸ್ಟ್ಯಾಂಡಿನಲ್ಲಿ ಟಿಕೆಟ್ ಕೊಡುವ ನಿಮ್ಮಪ್ಪ ಮನೆಗೆ ಬರುವಾಗ ಕಮ್ಮಾರನ ಹಾಗೆ ಕಾಣುತ್ತಾರೆ. ನಿನ್ನ ಕೊನೆಯ ತಂಗಿ ಅವರನ್ನು ನೋಡಿ ‘ಬೂದಿಯಪ್ಪ ಬಂದ’ ಎಂದು ಕೂಗುತ್ತಾಳೆ.

ಇನ್ನು ನಿನ್ನ ಮಾತಿಗೆ ಬರುತ್ತೇನೆ. ನೀನು ಬರೆದ ಸಾಲುಗಳು ನನಗೆ ಬಾಯಿಪಾಠ ಆಗಿವೆ. ‘ಅವ್ವಾ, ಇದು ಮೂರನೇದು. ದೊಡ್ಡವನು ಇನ್ನೂ ನೆಟ್ಟಗೆ ಮಾತಾಡಲ್ಲ, ಸಣ್ಣದು ಇನ್ನೂ ಮೊಲೆ ಬಿಟ್ಟಿಲ್ಲ. ಹಾಲು ಕುಡಿಸೋ ತನಕ ಮತ್ತೆ ಬಸುರು ನಿಲ್ಲಲ್ಲ ಅಂತ ನೀನೇ ಹೇಳಿದ್ದೆ. ನಿಂತುಬಿಡ್ತು. ಇದಾದ ಮೇಲೆ ಇನ್ನೊಂದು ಬರದಂಗೆ ಮಾಡಾಕೆ ಏನಾದ್ರೂ ಐತಾ? ನಿಮ್ಮೂರಾಗೆ ಆಸ್ಪತ್ರೆ ಐತೆ, ಯಾರನ್ನಾದ್ರೂ ಕೇಳು. ಹೋದ ಸಲ ನಾನು ಸತ್ತೇ ಹೋಗ್ತಿದ್ದೆ ಅಲ್ವಾ, ನಿಜ ಹೇಳು.’

ನಿಜ ಹೇಳುತ್ತೇನೆ. ಹೋದ ಸಲ ಕೂಸು ಹೊರಗೆ ಬಂದ ಮೇಲೆ ನಿನಗೆ ಸ್ರಾವ ನಿಲ್ಲಲಿಲ್ಲ. ಹಾಸಿದ ಗೋಣಿ ನೆನೆದು ನೆಲಕ್ಕೆ ಇಳಿಯಿತು. ನೀನು ‘ಅವ್ವಾ, ಚಳಿ’ ಎಂದೆ, ಆಮೇಲೆ ಮಾತೇ ಇಲ್ಲ. ಆಸ್ಪತ್ರೆಯ ನರ್ಸಮ್ಮ ಓಡಿ ಬಂದು ಹೊಟ್ಟೆಯನ್ನು ಮುಷ್ಟಿಯಲ್ಲಿ ಅದುಮಿ ಹಿಡಿದು, ಸೂಜಿ ಹಾಕಿ, ಹೇಗೋ ಉಳಿಸಿದಳು. ಆಸ್ಪತ್ರೆ ನಮ್ಮ ಮನೆಗೆ ಕೂಗಳತೆಯಲ್ಲಿ ಇದ್ದದ್ದಕ್ಕೆ ಉಳಿದೆ. ನೀನು ಹೆದರಬಾರದೆಂದು ‘ಸ್ವಲ್ಪ ಸುಸ್ತಾಗಿತ್ತು’ ಎಂದಿದ್ದೆವು. ಹಾಲು ಕುಡಿಸುವ ಮಾತೂ ಅಷ್ಟೇ, ನನ್ನವ್ವ ನನಗೆ ಹೇಳಿದ್ದನ್ನು ನಾನು ನಿನಗೆ ಹೇಳಿದೆ. ಅದಕ್ಕಿಂತ ಹೆಚ್ಚು ನಮಗೆ ಯಾರು ಹೇಳಿಕೊಟ್ಟಿದ್ದರು?

ನಿನ್ನ ಕಾಗದ ಓದಿದವಳೇ ಮೊದಲು ಬಾಗಿಲು ಹಾಕಿಕೊಂಡೆ. ಯಾರನ್ನು ಕೇಳುವುದು? ಪೇಟೆ ಬೀದಿಯ ಸೂಲಗಿತ್ತಿ ಕಷಾಯ ಕೊಡುತ್ತಾಳೆ. ಅದನ್ನು ಕುಡಿದ ಗಾಣಿಗರ ಸೊಸೆಯನ್ನು ಊರವರು ಹೊತ್ತುಕೊಂಡು ಹೋದದ್ದನ್ನು ಈ ಕಣ್ಣಲ್ಲೇ ಕಂಡಿದ್ದೇನೆ. ಕೊನೆಗೆ ಹಜೀರಾಳನ್ನೇ ಕೇಳಿದೆ. ಅವಳು ನಕ್ಕು, ‘ಅಕ್ಕಾ, ಅಂಥದ್ದು ಐತೆ ಅಂದ್ರೆ ಮೊದ್ಲು ನಂಗೆ ಬೇಕು. ಏಳಾದ್ವು. ನಮ್ಮ ಗಂಡ ಅಮೀರ್‌ಜಾನ್ ಮನೆಗೆ ಬಂದು ಮಲಾರ ಇಳಿಸಿದ್ರೆ ಸಾಕು, ನಂಗೆ ವಾಂತಿ ಶುರು’ ಎಂದಳು. ಆಮೇಲೆ ನಗು ನಿಲ್ಲಿಸಿ, ಬಳೆ ತರಲು ಶಿವಮೊಗ್ಗೆಗೆ ಹೋಗುವಾಗ ನನ್ನನ್ನೂ ಕರೆದುಕೊಂಡು ಹೋಗುವುದಾಗಿ ಹೇಳಿದಳು. ಅಲ್ಲಿ ಒಬ್ಬ ಲೇಡಿ ಡಾಕ್ಟರು ಬಂದಿದ್ದಾರೆ, ಬಸುರಿಯರನ್ನೆಲ್ಲ ಕೂರಿಸಿಕೊಂಡು ಮಾತಾಡಿಸುತ್ತಾರೆ ಎಂದು ಅವಳಿಗೆ ಬಳೆ ತೊಡುವ ಯಾರೋ ಹೇಳಿದ್ದರಂತೆ.

ಹೋದೆವು. ಒಂದು ಉದ್ದದ ಹಜಾರದಲ್ಲಿ ಹೊಟ್ಟೆ ಹೊತ್ತ ಹೆಂಗಸರು ಸಾಲಾಗಿ ಕೂತಿದ್ದರು. ಹೊನ್ನಾಳಿಯವರು, ನ್ಯಾಮತಿಯವರು, ಎಲ್ಲೆಲ್ಲಿಂದಲೋ ಗಾಡಿ ಕಟ್ಟಿಕೊಂಡು ಬಂದವರು. ಡಾಕ್ಟರಮ್ಮನಿಗೆ ನಿನಗಿಂತ ಹತ್ತು ವರ್ಷ ಹೆಚ್ಚಿರಬಹುದು, ಅಷ್ಟೇ. ಕುರ್ಚಿಯ ಮೇಲೆ ಕೂರದೆ ನಮ್ಮ ಜೊತೆ ಬೆಂಚಿನ ಮೇಲೆ ಕೂತು ಕೇಳಿದರು: ‘ಈ ಮಗು ಆದಮೇಲೆ ಸ್ವಲ್ಪ ವರ್ಷ ಬೇಡ ಅಂತ ನಿಮ್ಮಲ್ಲಿ ಯಾರಿಗೆ ಅನ್ನಿಸಿದೆ?’

ಒಬ್ಬಳು ಸೆರಗು ಬಾಯಿಗೆ ತುರುಕಿಕೊಂಡು ನಕ್ಕಳು.

‘ಅದಕ್ಕೆ ದಾರಿ ಇದೆ ಅಂತ ಯಾರಾದ್ರೂ ಕೇಳಿದ್ದೀರಾ?’

ಒಬ್ಬಳು ‘ದೇವ್ರಿಗೆ ಹರಕೆ ಹೊತ್ಕಂತಾರೆ’ ಎಂದಳು. ಮೂಲೆಯಲ್ಲಿದ್ದ ಮುದುಕಿ ‘ಹರಕೆ ಹೊತ್ಕಳ್ಳೋದು ಆಗ್ಲಿ ಅಂತ ಕಣಮ್ಮ, ಬ್ಯಾಡ ಅಂತ ಯಾರಾದ್ರೂ ಹೊತ್ಕಂತಾರಾ?’ ಎಂದು ಗದರಿದಳು. ಆಗ ನ್ಯಾಮತಿ ಕಡೆಯ ಒಬ್ಬ ಹೆಣ್ಣುಮಗಳು, ನಿನ್ನ ವಯಸ್ಸಿನವಳೇ ಇರಬೇಕು, ತಲೆ ಎತ್ತದೆ ಕೇಳಿದಳು: ‘ಗಂಡಗೆ ಗೊತ್ತಾಗದಂಗೆ ಮಾಡಾಕೆ ಬರ್ತೈತಾ?’

ಆ ಮಾತಿಗೆ ಮಾತ್ರ ಯಾರೂ ನಗಲಿಲ್ಲ.

ಡಾಕ್ಟರಮ್ಮ ಎಲ್ಲ ಬಿಡಿಸಿ ಹೇಳಿದರು. ಬೆಂಗಳೂರಿನಲ್ಲಿ, ಮೈಸೂರಿನಲ್ಲಿ ಸರ್ಕಾರದವರೇ ಇದಕ್ಕೆಂದು ದವಾಖಾನೆ ತೆರೆದು ಹತ್ತು ವರ್ಷದ ಮೇಲಾಯಿತಂತೆ. ನಮಗೆ ಅದರ ಗಾಳಿಯೂ ಬಂದಿರಲಿಲ್ಲ ನೋಡು. ಬಸುರಿನಲ್ಲಿ ಮಾಡುವಂಥದ್ದಲ್ಲ, ಹೆರಿಗೆಯಾಗಿ ಎರಡು ಮೂರು ತಿಂಗಳು ಕಳೆದು ಮೈ ಗಟ್ಟಿಯಾದ ಮೇಲೆ ಹೋಗಬೇಕು. ಹೆಂಗಸು ಡಾಕ್ಟರೇ ನೋಡಿ, ಅಳತೆಗೆ ತಕ್ಕಂತೆ ರಬ್ಬರಿನ ಒಂದು ಸಾಧನ ಕೊಟ್ಟು, ಇಟ್ಟುಕೊಳ್ಳುವುದು ಹೇಗೆ ತೆಗೆಯುವುದು ಹೇಗೆ ಎಂದು ಕಲಿಸುತ್ತಾರೆ. ಬೇಕೆನಿಸಿದಾಗ ಬಿಟ್ಟರೆ ಮತ್ತೆ ಮಕ್ಕಳಾಗುತ್ತವೆ. ಬಂಜೆಯಾಗುವುದಿಲ್ಲ. ‘ಇಲ್ಲಿ ನನ್ನ ಹತ್ತಿರ ಅದು ಇಲ್ಲ. ಇದ್ದಿದ್ರೆ ನಾನೇ ಕೊಡ್ತಿದ್ದೆ’ ಎಂದರು. ಆ ಹುಡುಗಿಯ ಕಡೆ ತಿರುಗಿ, ‘ಗಂಡನಿಗೆ ಗೊತ್ತಾಗದ ಹಾಗೆ ಬೆಂಗಳೂರಿಗೆ ಹೇಗಮ್ಮ ಹೋಗ್ತೀಯಾ?’ ಎಂದು ಕೇಳಿದರು. ಗದರಿಸಿ ಕೇಳಲಿಲ್ಲ, ಅವರಿಗೂ ತಿಳಿಯದೆ ಕೇಳಿದ ಹಾಗಿತ್ತು. ಹುಡುಗಿ ಮೊಣಕಾಲಿಗೆ ಗದ್ದ ಒತ್ತಿಕೊಂಡಳು.

ಹಾದಿಯಲ್ಲಿ ಹಜೀರಾ ಒಂದು ಉಪಾಯ ಹೇಳಿದಳು. ‘ಮೈಸೂರು ಬೆಟ್ಟದ ಅಮ್ಮಗೆ ಹರಕೆ ಐತೆ ಅನ್ಲಿ ಅಕ್ಕ. ದೇವ್ರ ಹೆಸ್ರು ಹೇಳಿದ್ರೆ ಯಾವ ಅತ್ತೆ ಬ್ಯಾಡ ಅಂತಾಳೆ?’ ನನಗೆ ಜೀವ ಬಂದ ಹಾಗಾಯಿತು. ಅಳಿಯಂದಿರು ಒಪ್ಪಿದರೆ ಸಾಕು, ಉಳಿದದ್ದು ಹೇಗೋ ನಡೆಯುತ್ತದೆ ಎಂದುಕೊಂಡೆ. ಅಳಿಯಂದಿರೊಡನೆ ಆ ಮಾತು ನಾನು ಆಡಲು ಬರುತ್ತದೆಯೇ? ಮನೆಗೆ ಬಂದು ನಿಮ್ಮಪ್ಪನಿಗೆ ಹೇಳಿದೆ. ಅವರು ಮಾತು ಮುಗಿಯುವ ಮೊದಲೇ ಎದ್ದು ಹಿತ್ತಲಿಗೆ ಹೋದರು. ಕೈಕಾಲು ತೊಳೆದು ಬಂದು, ಮುಖ ನೋಡದೆ ‘ಜಯಪ್ಪಂಗೆ ಹೇಳ್ತೀನಿ ಬಿಡು’ ಎಂದರು. ನಿನ್ನನ್ನು ಹೋದ ಸಲ ನೋಡಿದವರು ಅವರೂ ತಾನೇ.

ಆದರೆ ಅಳಿಯಂದಿರು ಸಿಗುವ ಮೊದಲು ಬೀಗರು ಸಿಕ್ಕರು. ಮಿಲಿಟರಿಗೆ ಕಂಬಳಿ ಕೊಳ್ಳುತ್ತಾರೆಂದು ನಿಮ್ಮ ಮಾವ ಬಸವರಾಜಪ್ಪನವರು ದಸರೆಗೆ ಮುಂಚೆ ಮೂಟೆ ಹೇರಿಕೊಂಡು ಚನ್ನಗಿರಿಗೆ ಬಂದಿದ್ದರು. ಸ್ಟ್ಯಾಂಡಿನ ಹೋಟೆಲಿನಲ್ಲಿ ಇಬ್ಬರೂ ಕಾಫಿಗೆ ಕೂತಿದ್ದಾರೆ. ಗಂಡಸು ಗಂಡಸಿನ ಜೊತೆ ಆಡಿದರೆ ಹಗುರ ಎಂದು ನಿಮ್ಮಪ್ಪನಿಗೆ ಅನ್ನಿಸಿದೆ. ‘ಬೀಗರೇ, ಹೋದ ಸಲ ಹುಡುಗಿಗೆ ಬಾಳ ತ್ರಾಸಾತು. ಬೆಂಗಳೂರು ಆಸ್ಪತ್ರ್ಯಾಗೆ ಇದಕ್ಕೆ ಏನೋ ವ್ಯವಸ್ಥೆ ಐತಂತೆ. ಈ ಹೆರಿಗೆ ಆದ್ಮ್ಯಾಲೆ ಒಂದ್ಸಲ ತೋರಿಸ್ಕಂಡು ಬರ್ಲಿ’ ಎಂದುಬಿಟ್ಟಿದ್ದಾರೆ.

ನಿಮ್ಮ ಮಾವ ಕೂಗಾಡಲಿಲ್ಲವಂತೆ. ಲೋಟ ಕೆಳಗಿಟ್ಟು, ‘ಮಕ್ಳು ಬ್ಯಾಡ ಅಂತ ಆಸ್ಪತ್ರಿಗೆ ಹೋಗೋದು ನಮ್ಮ ಕಡೆ ಕೇಳಿಲ್ಲ ಬಿಡ್ರಿ’ ಎಂದು ಎದ್ದು ಹೋದರಂತೆ. ಅಷ್ಟೇ ಆದದ್ದು.

ದೀಪಾವಳಿಗೆ ಮುಂಚೆ ನಿನ್ನನ್ನು ಕರೆತರಲು ನಿಮ್ಮಪ್ಪ ಸೊಕ್ಕೆಗೆ ಬಂದದ್ದು ನಿನಗೆ ಗೊತ್ತು. ಅಪ್ಪ ಒಂದು ಮಾತೂ ಆಡದೆ ಹೋದ ಎಂದು ನೀನು ಹಜೀರಾಳ ತಮ್ಮನ ಬಾಯಲ್ಲಿ ಹೇಳಿ ಕಳಿಸಿದ್ದೆ. ಒಳಗಿದ್ದ ನಿನಗೆ ಎಲ್ಲ ಕೇಳಿಸಿರಲಿಕ್ಕಿಲ್ಲ. ನಿಮ್ಮತ್ತೆ ಲಕ್ಷ್ಮಕ್ಕ ಅವರಿಗೆ ನೀರು ಕೊಟ್ಟು, ಊಟಕ್ಕೆ ಬಡಿಸಿ, ಎದುರಿಗೆ ಕೂತು ಹೇಳಿದರಂತೆ: ‘ಬೀಗರೇ, ನಾನು ಹನ್ನೊಂದು ಹೆತ್ತೆ, ಐದು ಉಳಿದ್ವು. ಹೋದ ಆರರಾಗೆ ಇನ್ನೊಂದಾದ್ರೂ ಉಳಿದಿದ್ರೆ ಅಂತ ಈಗ್ಲೂ ಅನ್ನಿಸ್ತೈತೆ. ಬ್ಯಾಡ ಅನ್ನೋ ಮಾತು ನನ್ನ ಮನ್ಯಾಗೆ ಆಡಬ್ಯಾಡ್ರಿ. ಹುಡುಗಿನ ಅಲ್ಲಿಗೆ ಕಳ್ಸಿದ್ರೆ ನೀವು ಆಸ್ಪತ್ರಿಗೆ ಒಯ್ದು ಏನು ಮಾಡಿಸ್ತೀರೋ ಯಾರು ಬಲ್ಲರು? ಈ ಸಲ ಹೆರಿಗೆ ಇಲ್ಲೇ ಆಗ್ಲಿ. ಬೀಗಿತಿ ಬೇಕಾದ್ರೆ ಬಂದು ಬಾಣಂತನ ಮಾಡ್ಲಿ, ನಾನೇನು ಬ್ಯಾಡ ಅನ್ನಾಕಿಲ್ಲ.’

ನಿಮ್ಮತ್ತೆಯ ಮೇಲೆ ನನಗೆ ಸಿಟ್ಟು ಬರಬೇಕಿತ್ತು. ಎಷ್ಟು ಪ್ರಯತ್ನಪಟ್ಟರೂ ಬರಲಿಲ್ಲ. ನಾನೂ ಮೂವರನ್ನು ಮಣ್ಣಿಗೆ ಕೊಟ್ಟವಳು.

ಊರ ಹೊರಗೆ ಜಗಳೂರು ದಾರಿಯವರೆಗೂ ಅಳಿಯಂದಿರು ನಿಮ್ಮಪ್ಪನ ಜೊತೆ ನಡೆದು ಬಂದರಂತೆ. ‘ಮಾವ, ನಂಗೂ ಭಯ ಐತೆ. ಹೋದ ಸಲ ಅವ್ಳ ಮುಖ ನೋಡಿದ್ಮ್ಯಾಲೆ ನಂಗೆ ನಿದ್ದೆ ಇಲ್ಲ. ಆದ್ರೆ ಅಪ್ಪನ ಮುಂದೆ ಆ ಮಾತು ಹೆಂಗೆ ಎತ್ತಲಿ? ಹೆಂಡ್ತಿ ಸೆರಗು ಹಿಡ್ಕಂಡೋನು ಅಂತಾರೆ’ ಎಂದರಂತೆ. ‘ಹಂಗಾರೆ ನೀನೇ ಸ್ವಲ್ಪ ದೂರ ಇರಪ್ಪ’ ಎನ್ನಲು ನಿಮ್ಮಪ್ಪನ ನಾಲಿಗೆ ತುದಿಗೆ ಬಂದಿತ್ತಂತೆ. ಮಾವನಾದವನು ಅಳಿಯನಿಗೆ ಹೇಳುವ ಮಾತೇ ಅದು? ನುಂಗಿಕೊಂಡು ಮೋಟಾರು ಹತ್ತಿದ್ದಾರೆ.

ಮನೆಗೆ ಬಂದು ರುಮಾಲು ಬಿಚ್ಚಿ ತೊಡೆಯ ಮೇಲಿಟ್ಟುಕೊಂಡು ಕೂತರು. ‘ನಾನು ಬಾಯಿ ಬಿಟ್ಟು ಕೆಡಿಸ್ದೆ ಕಣೇ’ ಎಂದರು. ನನಗೆ ಬೈಯಲು ಮನಸ್ಸು ಬರಲಿಲ್ಲ. ಆ ದಿನದಿಂದ ಅವರು ಸಂಜೆ ಸ್ಟ್ಯಾಂಡಿನಿಂದ ಬಂದ ಕೂಡಲೇ ‘ಜಗಳೂರು ಕಡೆಯೋರು ಯಾರೂ ಸಿಗ್ಲಿಲ್ಲ’ ಎನ್ನುತ್ತಾರೆ. ನಾನು ಕೇಳದೇ ಇದ್ದರೂ ಹೇಳುತ್ತಾರೆ.

ನೀನು ಕೇಳಿದ್ದಕ್ಕೆ ಉತ್ತರ ಇಷ್ಟು, ಮಗಳೇ. ದಾರಿ ಇದೆ. ಇದೆ ಎಂದು ಗೊತ್ತಾಯಿತು. ಅಲ್ಲಿಗೆ ನಿನ್ನನ್ನು ಹೇಗೆ ತಲುಪಿಸುವುದೆಂದು ಮಾತ್ರ ನನಗೆ ಗೊತ್ತಾಗುತ್ತಿಲ್ಲ. ಗೊತ್ತಿಲ್ಲದಿದ್ದಾಗ ದೇವರ ಇಚ್ಛೆ ಎಂದು ಒಂದು ಸಮಾಧಾನವಿತ್ತು. ಈಗ ಅದೂ ಹೋಯಿತು.

ನನ್ನ ಕೈಲಾದಷ್ಟು ಹೇಳುತ್ತೇನೆ, ಮನಸ್ಸಿಟ್ಟು ಓದು. ನೋವು ಶುರುವಾದ ಕೂಡಲೇ ಗಾಡಿ ಹೂಡಿ ಜಗಳೂರು ಆಸ್ಪತ್ರೆಯ ನರ್ಸಮ್ಮನನ್ನು ಕರೆತರುವಂತೆ ಅಳಿಯಂದಿರಿಗೆ ಈಗಲೇ ಹೇಳಿಡು. ಕೂಸು ಬಂತು, ಇನ್ನೇನು ಎಂದು ನರ್ಸಮ್ಮನನ್ನು ಕಳಿಸಿಬಿಡಬೇಡಿ. ನಿನಗೆ ಅಪಾಯ ಇರುವುದೇ ಆಮೇಲೆ. ಕೂಸಿನ ಹಿಂದೆ ಬರುವ ಕಸ ಬೀಳಲಿಲ್ಲವೆಂದು ಯಾರಿಗೂ ಹೊಕ್ಕುಳಬಳ್ಳಿ ಹಿಡಿದು ಎಳೆಯಲು ಬಿಡಬೇಡ. ಸ್ರಾವ ಹೆಚ್ಚಾದರೆ ಹೊಟ್ಟೆಯನ್ನು ತಿಕ್ಕುತ್ತಾ ಗಟ್ಟಿಯಾಗಿ ಅದುಮಿ ಹಿಡಿಯಲು ಹೇಳು, ಮಂಚದ ಕಾಲಿನ ಕಡೆಗೆ ಇಟ್ಟಿಗೆ ಕೊಟ್ಟು ಎತ್ತರಿಸಲಿ, ಕೂಸನ್ನು ಎದೆಗೆ ಹಾಕಿಕೊ. ಇದೆಲ್ಲ ಶಿವಮೊಗ್ಗೆಯ ಡಾಕ್ಟರಮ್ಮ ಹೇಳಿದ್ದು. ಈಗಿನಿಂದಲೇ ಸೊಪ್ಪು, ಬೆಲ್ಲ, ರಾಗಿ ಹೊಟ್ಟೆ ತುಂಬ ತಿನ್ನು. ಅತ್ತೆ ಏನಾದರೂ ಅಂದುಕೊಳ್ಳಲಿ. ಉಳಿದುಕೊಂಡರೆ, ಯಾಕೆ ಹೀಗೆ ಬರೆದೆನೋ, ಉಳಿದೇ ಉಳಿಯುತ್ತೀಯ, ಆಮೇಲೆ ಹಜೀರಾ ಹೇಳಿದ ಬೆಟ್ಟದ ಹರಕೆಯ ಉಪಾಯ ನೋಡೋಣ. ಅಳಿಯಂದಿರಿಗೆ ಒಳಗೊಳಗೇ ಮನಸ್ಸಿದೆ. ಅವರನ್ನು ಬೈಯಬೇಡ, ಅತ್ತು ಕೇಳು. ನಾವು ಹೆಂಗಸರು ಇನ್ನು ಹೇಗೆ ಕೇಳಲು ಸಾಧ್ಯ?

ಬೀಗಿತಿ ಬರಲಿ ಎಂದು ನಿಮ್ಮತ್ತೆ ಕರೆದರೂ ಅವ್ವ ಯಾಕೆ ಬರುವುದಿಲ್ಲ ಎಂದು ನೀನು ಕೇಳುತ್ತೀಯ. ನನ್ನಿಂದ ಬರಲಾಗುವುದಿಲ್ಲ. ನಿನ್ನ ತಮ್ಮಂದಿರಿಗೆ ಅಡುಗೆ ಮಾಡಿ ಹಾಕುವವರಿಲ್ಲ, ನಿನ್ನ ತಂಗಿಗೆ ವಾರಕ್ಕೊಮ್ಮೆ ಜ್ವರ ಬರುತ್ತದೆ. ಸಿಟ್ಟು ಮಾಡಿಕೊಳ್ಳಬೇಡ. ಈ ಕಾಗದ ತರುವ ಹಜೀರಾ ನನ್ನ ಬದಲು ನಿನಗೆ ಹಸಿರು ಬಳೆ ತೊಡಿಸುತ್ತಾಳೆ. ‘ಬಸುರಿಗೆ ನಾನು ತೊಡಿಸಿದ ಬಳೆ ಒಡೆದಿದ್ದೇ ಇಲ್ಲ’ ಎಂದು ಅವಳು ಕೊಚ್ಚಿಕೊಳ್ಳುತ್ತಾಳೆ. ತೊಡಿಸುವಾಗ ಕಣ್ಣು ಮುಚ್ಚಿಕೊ, ನನ್ನ ಕೈ ಅಂದುಕೊ.

ನಾಯಕನಹಟ್ಟಿ ತಿಪ್ಪೇರುದ್ರಸ್ವಾಮಿ ನಿನ್ನನ್ನು, ನಿನ್ನ ಮಕ್ಕಳನ್ನು ಕಾಯಲಿ. ನಿನ್ನ ಮುತ್ತೈದೆತನ ಗಟ್ಟಿಯಾಗಿರಲಿ. ಅಳಿಯಂದಿರಿಗೆ ಆಶೀರ್ವಾದ. ಅತ್ತೆ ಮಾವನವರಿಗೆ ನಮಸ್ಕಾರ ತಿಳಿಸು ಎಂದು ಬರೆಯುವುದು ವಾಡಿಕೆ, ಆದರೆ ಈ ಕಾಗದ ಬಂದದ್ದೇ ಅವರಿಗೆ ತಿಳಿಯಬಾರದಲ್ಲ.

ಇಂತು ನಿನ್ನ ಅವ್ವ,
ಕೊಲ್ಲಾಪುರಮ್ಮ

ತಾ. ಕ.: ಮಡಿಸಿ ಅಂಟಿಸಿದ್ದನ್ನು ಮತ್ತೆ ಬಿಚ್ಚಿದೆ. ನಿನ್ನ ಕೂಸಿಗೆ ಮೆತ್ತನೆಯ ಬಟ್ಟೆಯಿರಲೆಂದು ನಿಮ್ಮಜ್ಜಿಯ ಹಳೆಯ ಸೀರೆಯನ್ನು ಹರಿದು ಹಜೀರಾಳ ಗಂಟಿನಲ್ಲಿ ಇಟ್ಟಿದ್ದೇನೆ. ಬಿಡಿಸಿ ನೋಡಿದರೆ ಅರ್ಧ ಸೀರೆಯೇ ಇದೆ ಎಂದು ನಿನಗೆ ಗೊತ್ತಾಗಿಬಿಡುತ್ತದೆ. ಉಳಿದರ್ಧ ನನಗೆ ಬೇಕು, ಮಗಳೇ. ನನಗೂ ಈಗ ಏಳನೇ ತಿಂಗಳು. ನಿನ್ನ ಕಾಗದ ಬಂದಾಗಲೇ ನನಗೆ ಗೊತ್ತಿತ್ತು. ಮೊಮ್ಮಕ್ಕಳನ್ನು ಎತ್ತಿ ಆಡಿಸಿದವಳು ಮಗಳ ಜೊತೆಗೆ ಬಸುರಿ ಎಂದು ಯಾವ ಬಾಯಲ್ಲಿ ಹೇಳಲಿ? ನಾಚಿಕೆ ಬಿಟ್ಟು ಈ ಹೊಟ್ಟೆ ಹೊತ್ತೇ ಸೊಕ್ಕೆಗೆ ಬರೋಣವೆಂದರೆ ಕಾಲು ಬಾತು ಹೊಸ್ತಿಲು ದಾಟಲು ಆಗುತ್ತಿಲ್ಲ. ಆವತ್ತು ಶಿವಮೊಗ್ಗೆಯಲ್ಲಿ ಎಲ್ಲರೂ ಎದ್ದು ಹೋದ ಮೇಲೆ ಡಾಕ್ಟರಮ್ಮ ನನ್ನನ್ನು ಒಳಗೆ ಕರೆದು ಪರೀಕ್ಷೆ ಮಾಡಿದರು. ‘ನೀವು ಇಷ್ಟೆಲ್ಲ ಕೇಳಿದ್ದು ಮಗಳಿಗೋ, ನಿಮಗೋ?’ ಎಂದರು. ‘ಮಗಳಿಗೆ’ ಎಂದೆ. ಅವರು ಮುಂದೆ ಏನೂ ಕೇಳಲಿಲ್ಲ, ಕೈ ತೊಳೆದುಕೊಂಡರು. ಮೈಯಲ್ಲಿ ರಕ್ತವಿಲ್ಲ, ಈ ಸಲ ಕಷ್ಟವಾಗಬಹುದು ಎಂದು ಹೊರಗೆ ಹಜೀರಾಳಿಗೆ ಹೇಳಿದರಂತೆ. ಪಾಪ, ಅದನ್ನು ನನಗೆ ಹೇಳಲಾರದೆ ಅವಳು ಮೋಟಾರಿನಲ್ಲಿ ಹರಕೆಯ ಮಾತು ಆಡುತ್ತಲೇ ದಾರಿಯುದ್ದಕ್ಕೂ ಅತ್ತಳು, ಊರು ಮುಟ್ಟಿದ ಮೇಲೆ ಬಾಯಿ ಬಿಟ್ಟಳು. ಡಾಕ್ಟರಮ್ಮ ಹೇಳಿದ ಈ ಮಾತು ನಿಮ್ಮಪ್ಪನಿಗೆ ಗೊತ್ತಿಲ್ಲ. ನೀನೂ ಹೇಳಬೇಡ.

ನಿನ್ನದೂ ನನ್ನದೂ ಎರಡೂ ಸಂಕ್ರಾಂತಿ ಆಸುಪಾಸಿಗೇ ಬೀಳುತ್ತವೆ. ನಿನ್ನದು ಮೊದಲಾದರೆ ಹೇಗಾದರೂ ಮಾಡಿ ಸುದ್ದಿ ಮುಟ್ಟಿಸು. ನನ್ನದು ಮೊದಲಾದರೆ ಕಾಗದ ಬರುತ್ತದೆ. ಅದರ ಮೇಲೆ ನಿಮ್ಮಪ್ಪನ ಅಕ್ಷರ ಕಂಡರೆ ಗಾಬರಿಯಾಗಬೇಡ. ಬಾಣಂತಿಯಾದವಳು ಬರೆಯಬಾರದು ಅಂತಾರೆ.